ಸಫ್ವತ್ ಬೇ ಅವರ ಕಾರಿನ ಹಿಂದೀಪ

ಸಫ್ವತ್ ಬೇ ಅವರ ಎಡಗೈ ಬಲಗೈಗಿಂತ ಕಪ್ಪು. ಹುಟ್ಟಿನಿಂದ ಬಂದ ಭೇದವಲ್ಲ ಅದು. ಯೌವನದಿಂದ ಇಂದಿನವರೆಗೂ ಚಾಲಕನ ಸೀಟು ಎಡಗಡೆಯಿರುವ ತಮ್ಮ ಫಿಯಟ್ ಕಾರಿನ ಕಿಟಕಿಯಿಂದ ಆ ಒಂದು ಕೈಯನ್ನೇ ಹೊರಚಾಚಿ, ಎಡಕ್ಕೆ ತಿರುಗುತ್ತೇನೆ, ನಿಲ್ಲುತ್ತೇನೆ, ಮುಂದೆ ಹೋಗು ಮಹರಾಯ ಎಂದು ಅಲೆಕ್ಸಾಂಡ್ರಿಯಾದ ಸಮಸ್ತ ವಾಹನ ಸಂಕುಲಕ್ಕೆ ಸಂಜ್ಞೆ ಮಾಡುತ್ತ ಬಂದುದರಿಂದ ಸಮುದ್ರದ ಬಿಸಿಲೆಲ್ಲ ಅದೊಂದರ ಮೇಲೆಯೇ ಬಿದ್ದಿತ್ತು. ಒಂಟೆಯ ಬಣ್ಣದ ಕೋಟೊಂದನ್ನು ಅವರು ಕಡುಬೇಸಿಗೆಯಲ್ಲೂ ಬಿಟ್ಟವರಲ್ಲ, ಆದರೆ ಅದರ ಎಡತೋಳು ಮಾತ್ರ ಸದಾ ಮೊಣಕೈವರೆಗೆ ಮಡಿಸಿರುತ್ತಿತ್ತು. ಬಂದರಿನ ಉಗ್ರಾಣಗಳಲ್ಲಿ ಹತ್ತಿಯ ಎಳೆಯನ್ನು ಬೆರಳಿನಿಂದಲೇ ತೂಗಿ ದರ್ಜೆ ಹೇಳುತ್ತಿದ್ದವರು. ನಿವೃತ್ತರಾದ ಮೇಲೂ ನಡೆಯುವಾಗ ಹೆಬ್ಬೆರಳು ತೋರುಬೆರಳುಗಳು ಇಲ್ಲದ ಹತ್ತಿಯನ್ನು ಉಜ್ಜುತ್ತಲೇ ಇರುತ್ತಿದ್ದವು. ಯಾವ ಮಾತಿಗೂ 'ಮೊದಲನೆಯದಾಗಿ' ಎಂದೇ ಶುರು, ಎರಡನೆಯದನ್ನು ಮಾತ್ರ ಈ ಜನ್ಮದಲ್ಲಿ ನಾನು ಕೇಳಲಿಲ್ಲ. ಅವರ ಕೆಳಗಿನ ಮಹಡಿಯಲ್ಲಿ ಮೇಷ್ಟ್ರಾದ ನನ್ನ ವಾಸವಾದ್ದರಿಂದ ಕೇಳುವ ಅವಕಾಶವೇನೋ ಬೇಕಾದಷ್ಟಿತ್ತು.

ಆ ಕಾರು ಅವರ ಮದುವೆಯ ಮರುವರ್ಷ ಕೊಂಡದ್ದು. ತಿರುಪು ಮೊಳೆಯೊಂದನ್ನೂ ಬದಲಿಸಿಲ್ಲವೆಂಬುದು ಅವರ ಹೆಮ್ಮೆ. ಹಳೆಯ ಕಾರುಗಳ ಕೂಟದವರು ಪ್ರತಿ ವಸಂತದಲ್ಲಿ ಉದ್ಯಾನದಲ್ಲಿ ಸೇರಿ, ಬೆರಕೆಯಿಲ್ಲದ ಕಾರುಗಳ ಸಾಲು ಬೇರೆ, ಬಿಡಿಭಾಗ ಬದಲಾಯಿಸಿದವುಗಳ ಸಾಲು ಬೇರೆ ಎಂದು ನಿಲ್ಲಿಸುವಾಗ, ಮೊದಲ ಸಾಲಿನ ಮೊದಲ ನೆರಳು ಇವರ ಕಾರಿನದು. ಹೀಗಿರುವಾಗ ಕತ್ತಲಾದ ಮೇಲೆ ದೀಪ ಹಾಕದೆ ಓಡಿಸುವುದೂ ಅವರ ಸಂಪ್ರದಾಯನಿಷ್ಠೆಯ ಭಾಗವೇ ಆಗಿತ್ತು. ನಮ್ಮಲ್ಲಿ ಅದೊಂದು ಹಳೆಯ ನಂಬಿಕೆ: ದೀಪ ಹಾಕಿದರೆ ಬ್ಯಾಟರಿ ಸಾಯುತ್ತದೆ, ಬೀದಿದೀಪ ಇರುವಾಗ ನಮ್ಮದೇಕೆ, ಎದುರಿಗೆ ಗಾಡಿ ಬಂದರೆ ಒಮ್ಮೆ ಮಿಣುಕಿಸಿದರಾಯಿತು.

"ಮೊದಲನೆಯದಾಗಿ, ದೀಪ ಅನ್ನೋದು ಸಲಾಮ್ ಇದ್ದ ಹಾಗೆ ಮೇಷ್ಟ್ರೇ," ಎನ್ನುತ್ತಿದ್ದರು. "ಯಾರಾದ್ರೂ ಎದುರಿಗೆ ಬಂದಾಗ ಹೇಳ್ಬೇಕು. ಖಾಲಿ ರಸ್ತೆಗೆ ಯಾರಾದ್ರೂ ಸಲಾಮ್ ಹೊಡೀತಾರಾ?"

ಹಿಂದಿನಿಂದ ಬರುವವರಿಗೂ ಒಂದು ಸಲಾಮ್ ಬೇಕೆಂಬುದು ಅವರಿಗೆ ಹೊಳೆಯಲಿಲ್ಲ. ದಮನ್‌ಹೂರಿನಲ್ಲಿ ಒಂದು ಸಾವಿನ ಮನೆಗೆ ಹೋಗಿ ಮುಸ್ಸಂಜೆಯಲ್ಲಿ ಮರಳುವಾಗ, ಈರುಳ್ಳಿ ಹೇರಿದ ಲಾರಿಯೊಂದು ಬೂದುಬಣ್ಣದ ಆ ಕಾರನ್ನು ಬೂದು ರಸ್ತೆಯಲ್ಲಿ ಕಾಣದೆ ಹಿಂದಿನಿಂದ ಗುದ್ದಿತು. ಸಫ್ವತ್ ಬೇಗೆ ಒಂದು ಗೀರೂ ಇಲ್ಲ, ಕಾರಿನ ಹಿಂದಿನ ಬಂಪರ್ ಮಾತ್ರ ನೆಗ್ಗಿತು, ಅದನ್ನೂ ಬದಲಿಸದೆ ಬಡಿದು ನೆಟ್ಟಗಾಗಿಸಿದ್ದಾಯಿತು. ಪಕ್ಕದಲ್ಲಿದ್ದ ಹೆಂಡತಿ ದೌಲತ್ ಹಾನಿಮ್ ಅವರ ಒಂದು ಭುಜದ ಎಲುಬು ಮುರಿಯಿತು.

ಆಕೆ ಅಳಲಿಲ್ಲ, ಬೈಯಲಿಲ್ಲ. ಮೂಳೆ ಕೂಡಿಕೊಂಡ ಮೇಲೆ, ಗಂಡ ವಾಡಿಕೆಯಂತೆ ಕಾರಿನ ಬಾಗಿಲು ತೆರೆದು ನಿಂತಾಗ, ಕೈಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಹೇಳಿದ್ದು ಇಷ್ಟು: "ನಿಮ್ಮ ಕಾರು ನಿಮಗೆ ಕಾಣುತ್ತೆ, ನನಗೂ ಕಾಣುತ್ತೆ. ಲಾರಿಯವನಿಗೂ ಕಾಣೋ ತನಕ ನಾನು ಟ್ರಾಮಲ್ಲೇ ಹೋಗ್ತೀನಿ."

ಹೇಳಿದಂತೆಯೇ ಹೋದರು. ಸೀದಿ ಬಿಶ್ರ್‌ನಲ್ಲಿದ್ದ ತಂಗಿಯ ಮನೆಗೆ ಪ್ರತಿ ಗುರುವಾರ, ಹೆಂಗಸರ ಡಬ್ಬಿಯ ಕಿಟಕಿಯ ಪಕ್ಕ ಕೂತು. ಆಗ ಸಫ್ವತ್ ಬೇ ಮಾಡಿದ್ದನ್ನು ನೆನೆದರೆ ನಗುವುದೋ ಅಳುವುದೋ ತಿಳಿಯದು. ಟ್ರಾಮಿನ ಹಳಿಯುದ್ದಕ್ಕೂ ಹಾದಿಯಿದ್ದಲ್ಲೆಲ್ಲ ತಮ್ಮ ಖಾಲಿ ಕಾರನ್ನು ಆ ಡಬ್ಬಿಗೆ ಸರಿಯಾಗಿ, ಅದು ನಿಂತರೆ ನಿಂತು, ಅದು ಹೊರಟರೆ ಹೊರಟು, ಹಿಂದಿನವರ ಶಾಪವನ್ನೆಲ್ಲ ತಲೆಯ ಮೇಲೆ ಹಾಕಿಕೊಂಡು ಓಡಿಸುತ್ತಿದ್ದರು. ಆಕೆ ಒಮ್ಮೆಯೂ ಆಚೆ ನೋಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ ನನಗೆ ಮಾತ್ರ ಹೇಳಿದರು: "ನೋಡಿದ್ರಾ ಮೇಷ್ಟ್ರೇ, ಬೇ ಸಾಹೇಬ್ರು ಟ್ರಾಮಿನ ಜೊತೆ ಮಾಡ್ತಿರೋ ಸಂಸಾರಾನ?"

ಆ ಚಳಿಗಾಲದಲ್ಲಿ ಸಫ್ವತ್ ಬೇ ಸೊರಗಿದರು. ಕಾರನ್ನು ದಿನವೂ ಒರೆಸುವವರು ವಾರಕ್ಕೊಮ್ಮೆ ಒರೆಸತೊಡಗಿದರು. ಒರೆಸುವಾಗಲೂ ಪಕ್ಕದ ಸೀಟಿನ ಬಾಗಿಲನ್ನು ತೆರೆಯುತ್ತಿರಲಿಲ್ಲ. ಒಂದು ಸಂಜೆ ಅವರನ್ನು ಕಾಫಿಖಾನೆಯಲ್ಲಿ ಹಿಡಿದು ಕೂರಿಸಿ, ಈಗ ಎಲ್‌ಇಡಿ ದೀಪಗಳು ಬಂದಿವೆ, ಬ್ಯಾಟರಿಯನ್ನು ತಿನ್ನುವುದೇ ಇಲ್ಲವೆನ್ನುವಷ್ಟು ಕಡಿಮೆ ತಿನ್ನುತ್ತವೆ, ಹಗಲೂ ರಾತ್ರಿ ಉರಿಸಿ, ನಿಮ್ಮ ಅಪ್ಪನ ಗಂಟೇನು ಹೋಗುತ್ತದೆ ಎಂದು ಬೈದೇಬಿಟ್ಟೆ.

ಪಕ್ಕದ ಮೇಜಿನಲ್ಲಿದ್ದ ರಿಫ್ಕಿ ಬೇ, ಕೂಟದ ಹಿರಿಯ, ಭೂತಗನ್ನಡಿ ಹಿಡಿದು ಕಾರುಗಳ ಕುಲಗೋತ್ರ ಪರೀಕ್ಷಿಸುವ ಮನುಷ್ಯ, ಹುಕ್ಕಾದ ನಳಿಗೆಯನ್ನು ಬಾಯಿಂದ ತೆಗೆದ. "ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗಿರುತ್ತೆ ಸಫ್ವತ್. ಹಚ್ಕೋ ಬೇಕಾದ್ರೆ. ಆದ್ರೆ ಮೊದಲ ಸಾಲಿನ ಆಸೆ ಬಿಡು."

"ಮೊದಲನೆಯದಾಗಿ," ಎಂದರು ಸಫ್ವತ್ ಬೇ. ಎದ್ದು ಹೋದರು.

ಮರುವಾರ ಕಾರು ಲಬ್ಬಾನ್ ಕೇರಿಯಲ್ಲಿ, ವಾಹನಗಳ ವಿದ್ಯುತ್ ಕೆಲಸದ ಮೇಸ್ತ್ರಿ ಉಸ್ತಾ ಶಲಬಿಯ ಅಂಗಡಿಯ ಮುಂದಿತ್ತು. ಶಲಬಿ ದೊಡ್ಡ ಬಾಯಿಯವನು. ಸೂರ್ಯ ಕೆಟ್ಟರೂ ತಾನೇ ರಿಪೇರಿ ಮಾಡುವೆನೆಂಬ ಧಾಟಿ. ಹಿಂದಿನ ಕೆಂಪು ಗಾಜಿನ ಒಳಗೆ ಬಿಳಿಯ ಎಲ್‌ಇಡಿ ಬಲ್ಬು ತುರುಕಿ ಬೆಳಗಿಸಿದ. ಬಂದದ್ದು ಗುಲಾಬಿ ಬಣ್ಣ.

"ಮೊದಲನೆಯದಾಗಿ, ಇದೇನಯ್ಯ ಇದು, ದೀಪಾನೋ ಶರಬತ್ತೋ?" ಎಂದರು ಸಫ್ವತ್ ಬೇ.

"ಮೂರು ಹೆಜ್ಜೆ ಹಿಂದೆ ನಿಂತು ನೋಡಿ ಬಾಶಾ, ಕೆಂಪಗೇ ಕಾಣುತ್ತೆ."

"ಮೊದಲನೆಯದಾಗಿ, ಲಾರಿಯವನಿಗೂ ನೀನೇ ಹೇಳ್ತೀಯಾ, ಎಲ್ಲಿ ನಿಂತು ನೋಡಬೇಕು ಅಂತ?"

ಕೆಂಪಿಗೆ ಕೆಂಪು, ಹಳದಿಗೆ ಹಳದಿ ಬಲ್ಬು ಬಂತು. ತಿರುವಿನ ದೀಪ ಹಾಕಿದರೆ ಮಿಟುಕಲೇ ಇಲ್ಲ, ಸತ್ತ ಮೀನಿನ ಕಣ್ಣಿನ ಹಾಗೆ ತೆರೆದುಕೊಂಡೇ ಇತ್ತು. ಹಳೆಯ ಬಲ್ಬು ಎಳೆಯುವ ವಿದ್ಯುತ್ತಿಗೆ ಬಿಸಿಯಾಗಿ 'ಟಿಕ್ ಟಿಕ್' ಎನ್ನುತ್ತ ದೀಪ ಮಿಟುಕಿಸುತ್ತಿದ್ದ ತಗಡಿನ ಡಬ್ಬಿಗೆ ಈ ಅಲ್ಪಾಹಾರಿ ದೀಪಗಳಿಂದ ಬಿಸಿಯೇ ಏರುತ್ತಿರಲಿಲ್ಲ. ಶಲಬಿ ಅದನ್ನೂ ಕಿತ್ತು ಹೊಸ ಬಗೆಯದನ್ನು ಕೂರಿಸಿದ. ಎಡಕ್ಕೆ ಹಾಕಿ ಎಡಕ್ಕೆ ಓಡಿ ನೋಡಿದ, ಬಲಕ್ಕೆ ಹಾಕಿ ಬಲಕ್ಕೆ ಓಡಿ ನೋಡಿದ, ಎದೆ ತಟ್ಟಿಕೊಂಡ. ಕಿತ್ತ ಹಳೆಯ ಬಲ್ಬುಗಳನ್ನು ಸಫ್ವತ್ ಬೇ ಒಂದೊಂದಾಗಿ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಆಗ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಗುರುವಾರ ಸಂಜೆ ದೌಲತ್ ಹಾನಿಮ್ ಕೆಳಗಿಳಿದು ಬಂದು, ಕಾರಿನ ಹಿಂದೆ ನಿಂತು, ಉರಿಯುತ್ತಿದ್ದ ಕೆಂಪನ್ನು ಬಹಳ ಹೊತ್ತು ನೋಡಿದರು. ರಸ್ತೆಯ ಆಚೆ ದಡಕ್ಕೂ ಹೋಗಿ ನೋಡಿ ಬಂದರು. "ಒಂದು ಸಲ ಕೂರ್ತೀನಿ," ಎಂದರು. "ಮೇಷ್ಟ್ರೇ, ಹಿಂದಿನ ಸೀಟಲ್ಲಿ ನೀವು. ಈ ದೀಪದ ಉಪದೇಶ ನಿಮ್ಮದೇ ತಾನೆ? ಲಾರಿ ಬಂದ್ರೆ ಮೊದಲು ನಿಮಗೇ ತಾಗಲಿ."

ಸಫ್ವತ್ ಬೇ ಅಷ್ಟು ನಿಧಾನವಾಗಿ ಓಡಿಸಿದ್ದನ್ನು ನಾನು ಕಂಡಿಲ್ಲ. ಇದೊಂದು ಸವಾರಿ ಕೆಟ್ಟರೆ ಆಕೆ ಮತ್ತೆಂದೂ ಹತ್ತುವವರಲ್ಲವೆಂದು ಮೂವರಿಗೂ ಗೊತ್ತಿತ್ತು. ಕಡಲದಂಡೆಯ ರಸ್ತೆಯಲ್ಲಿ ಸೀದಿ ಬಿಶ್ರ್ ಹತ್ತಿರವಾಗುತ್ತಲೇ, ಇನ್ನೂ ದೂರವಿರುವ ತಿರುವಿಗಾಗಿ ಈಗಲೇ ಬಲದೀಪ ಹಾಕಿದರು. ಸ್ವಲ್ಪ ಹೊತ್ತಿಗೆ ಹಿಂದಿನ ಟ್ಯಾಕ್ಸಿಯ ಹಾರ್ನ್ ಶುರುವಾಯಿತು. ಅದು ಗದರುವ ಹಾರ್ನ್ ಅಲ್ಲ. ಮದುವೆಯ ಮೆರವಣಿಗೆಯ ತಾಳ. ಇನ್ನೊಂದು ಕಾರು ಅದಕ್ಕೆ ದನಿಗೂಡಿಸಿತು, ಮತ್ತೊಂದು ಬಂತು. ತಿರುಗಿ ನೋಡುತ್ತೇನೆ, ನಮ್ಮ ಕಾರಿನ ಎರಡೂ ಪಕ್ಕದ ದೀಪಗಳು ಒಟ್ಟಿಗೇ ಮಿಟುಕುತ್ತ ಹಿಂದಿನವರ ಮುಖಗಳನ್ನು ಹಳದಿಯಾಗಿಸುತ್ತಿವೆ! ಚಾಲಕನ ಎದುರಿನ ಪುಟ್ಟ ಸೂಚಕ ದೀಪವೊಂದರ ಮೂಲಕ ಎಡದ ತಂತಿಯೂ ಬಲದ ತಂತಿಯೂ ಕೂಡಿಕೊಂಡಿದ್ದು, ಅದರಲ್ಲಿ ಸೋರುವ ಒಂದಿಷ್ಟು ವಿದ್ಯುತ್ತೇ ಹೊಸ ದೀಪಗಳಿಗೆ ಹೊಟ್ಟೆ ತುಂಬಾ ಊಟವಾಗಿತ್ತು. ಬಲಕ್ಕೆ ಹಾಕಿ ಎಡಗಡೆ ನೋಡುವ ಬುದ್ಧಿ ಶಲಬಿಗೆ ಬಂದಿರಲಿಲ್ಲ. ಮದುವೆಗಳು ನಡೆಯುವ ಗುರುವಾರ ಸಂಜೆ, ಕಡಲದಂಡೆ, ಹೊಳೆಯುವ ಹಳೆಯ ಕಾರು, ನಾಲ್ಕೂ ಮೂಲೆಯಲ್ಲಿ ಮಿನುಗುವ ದೀಪ: ನಮ್ಮೂರಲ್ಲಿ ಇದನ್ನು ಮದುವೆಯ ಕಾರಲ್ಲವೆನ್ನುವ ಮಗ ಹುಟ್ಟಿಲ್ಲ.

ಟ್ಯಾಕ್ಸಿ ಪಕ್ಕಕ್ಕೆ ಬಂತು. ಒಳಗಿದ್ದ ಹೆಂಗಸು ನಾಲಿಗೆ ಹೊರಳಿಸಿ ಮಂಗಳಧ್ವನಿ ಮಾಡುತ್ತ ವಧುವನ್ನು ನೋಡಲು ಬಗ್ಗಿದವಳು, ದೌಲತ್ ಹಾನಿಮ್ ಅವರನ್ನು ಕಂಡು ಅರೆಗಳಿಗೆ ತಬ್ಬಿಬ್ಬಾಗಿ, ಆಮೇಲೆ ಇನ್ನೂ ಜೋರಾಗಿ ಕೂಗಿದಳು. "ಮುಬಾರಕ್ ಅಜ್ಜಿ! ತಡವಾದ್ರೂ ಸರಿ, ಗಂಡು ಗಟ್ಟಿ ಇದ್ದಾನೆ!"

ಸಫ್ವತ್ ಬೇ ಅವರ ಕಿವಿಯವರೆಗೆ ರಕ್ತವೇರಿತ್ತು. "ನಿಲ್ಲಿಸ್ತೀನಿ ದೌಲತ್. ಇಳಿದು ಟ್ರಾಮ್ ಹಿಡಿ. ತಪ್ಪಾಯ್ತು, ಎಲ್ಲಾ ತಪ್ಪಾಯ್ತು ನಂದು." ಮೊದಲನೆಯದಾಗಿ ಎಂಬುದಿಲ್ಲದ ಅವರ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ದೌಲತ್ ಹಾನಿಮ್ ಹಿಂದಿನ ಗಾಜಿನಾಚೆಯ ಸಾಲನ್ನು ಒಮ್ಮೆ ನೋಡಿದರು. ನನ್ನನ್ನು ನೋಡಿದರು. ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡರು.

"ದೀಪ ಆರಿಸ್ಬೇಡಿ," ಎಂದರು. "ನಮ್ಮ ಮದುವೇಲಿ ಎರಡೇ ಕಾರು ಬಂದಿದ್ದು."

ತಂಗಿಯ ಮನೆಯ ತಿರುವು ಬಲಕ್ಕೆ ಬಂತು, ಹೋಯಿತು. ಸಫ್ವತ್ ಬೇ ತಿರುಗಿಸಲಿಲ್ಲ. ಮಂತಜಾ ಉದ್ಯಾನದವರೆಗೂ ನೇರ ನಡೆಸಿದರು. ಮರುದಿನ ಶಲಬಿ ಆ ಸೂಚಕ ದೀಪದ ತಂತಿಯನ್ನು ಬೇರ್ಪಡಿಸಿಕೊಟ್ಟ. ವಸಂತದಲ್ಲಿ ಕೂಟದವರು ಕಾರನ್ನು ಎರಡನೆಯ ಸಾಲಿಗೆ, ಬಿಸಿಲಿಗೆ ನಿಲ್ಲಿಸಿದರು. ಅಂದು ಮಡಿಸುವ ಕುರ್ಚಿಯ ಮೇಲೆ ಕೂತು ಹೆಂಡತಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದ ಸಫ್ವತ್ ಬೇ, ಸಂಜೆಯಾದರೆ ದೀಪ ಹಾಕಬೇಕೆಂಬ ಪರಿಜ್ಞಾನ ಈ ಊರಿನಲ್ಲಿ ತಮ್ಮೊಬ್ಬರಿಗೇ ಮೊದಲಿನಿಂದ ಇತ್ತೆಂದು ರಿಫ್ಕಿ ಬೇಗೆ ವಿವರಿಸುತ್ತಿದ್ದರು. ದೌಲತ್ ಹಾನಿಮ್ ಬೀಜ ಉಗುಳುತ್ತ ಹೌದುಹೌದೆಂದು ತಲೆಯಾಡಿಸುತ್ತಿದ್ದರು.

ಹಳತನ್ನು ಹಾಗೆಯೇ ಉಳಿಸಿಕೊಳ್ಳುವ ಈ ಹಠಮಾರಿಗಳ ಕುಲವನ್ನು ವಾದದಿಂದ ಗೆದ್ದವರಿಲ್ಲ. ಅವರು ಬಾಗುವುದು ಪಕ್ಕದ ಸೀಟು ಖಾಲಿಯಾದಾಗ. ಬಾಗಿದ ಮೇಲೆ, ತಾವು ಎಂದೂ ನೆಟ್ಟಗೆ ನಿಂತಿರಲೇ ಇಲ್ಲವೆಂದು ಮತ್ತೊಂದು ಹಠ ಹಿಡಿಯುತ್ತಾರೆ. ಆ ಎರಡನೆಯ ಹಠವನ್ನು ಗೆಲ್ಲಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇರುತ್ತಾರೆ, ಅವರು ಗೆಲ್ಲಲು ಹೋಗುವುದಿಲ್ಲ.