ಹೆರಿಗೆ ವಾರ್ಡಿನ ಬಿಳಿ ಗಾಜು

ಬಾಗಿಲಿನ ಬಿಳಿ ಬಣ್ಣ ಬಳಿದ ಗಾಜಿನಲ್ಲಿ ಉಗುರಿನಗಲ ಒಂದು ಚುಕ್ಕೆ ಬೆಳಕು, ಮತ್ತೆ ಯಾರೋ ಕೆರೆದಿದ್ದಾರೆ, ಎಷ್ಟು ಸಲ ಬಣ್ಣ ಹೊಡೆಸಿದರೂ ಅದೇ ಜಾಗದಲ್ಲಿ ಕೆರೆಯುತ್ತಾರೆ ಈ ಜನ, ಹೆರಿಗೆ ಕೋಣೆಯೊಳಗೆ ಇಣುಕಿ ಏನು ನೋಡಬೇಕಂತೆ ಇವರಿಗೆ — ಎಂದು ಎಂದಿನಂತೆ ಸಿಡುಕಲು ಹೊರಟ ದೊಡ್ಡ ಸಿಸ್ಟರ್‌ಗೆ, ತಾನು ಇವತ್ತು ಬಾಗಿಲಿನ ಈಚೆ, ಕಾಯುವವರ ಬೆಂಚಿನ ಮೇಲೆ ಕೂತಿದ್ದೇನೆ ಎನ್ನುವುದು ನೆನಪಾಗಿ ನಗು ಬಂತು. ಒಳಗಿರುವವಳು ಅವಳ ಸೊಸೆ. ಈ ಬೆಂಚು ಇಷ್ಟು ಗಟ್ಟಿ ಅಂತ ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ, ಯಾರು ಹೇಳುತ್ತಾರೆ, ಬೆನ್ನ ಹಿಂದೆ ಪೊಲೀಸಮ್ಮ ಅಂತ ಹೆಸರಿಟ್ಟವರು ಎದುರಿಗೆ ಬಾಯಿ ಬಿಟ್ಟಾರೆಯೇ, ಒಳಗಿನಿಂದ ನರಳಾಟ, ಹಾಂ, ಇನ್ನೂ ಹೊತ್ತಿದೆ, ನರಳಾಟದ ಉದ್ದ ಕೇಳಿಯೇ ಹೇಳಬಲ್ಲಳು, ಆದರೂ ಒಂದೇ ಒಂದು ಸಲ ಒಳಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿದ್ದರೆ — ಬೇಡ ಸಿಸ್ಟರ್, ಇವತ್ತು ನೀವು ಬರೀ ಅತ್ತೆ, ಹೊರಗೆ ಕೂತ್ಕೊಳ್ಳಿ ಎಂದಿದ್ದರು ಹೊಸ ಡಾಕ್ಟರು, ಮಗಳ ವಯಸ್ಸಿನ ಹುಡುಗಿ, ಮನೆಯವರ ಹೆರಿಗೆಗೆ ಡ್ಯೂಟಿ ಮಾಡಬಾರದು ಅಂತ ಬೋರ್ಡು ಬರೆಸಿದ್ದು ನೀವೇ ತಾನೆ. ಹೌದಮ್ಮ ತಾಯಿ, ನಾನೇ, ಈ ಗಾಜಿಗೆ ಬಣ್ಣ ಬಳಿಸಿದ್ದೂ ನಾನೇ, ಅನುಭವಿಸುತ್ತಿದ್ದೇನೆ.

ನಗುವಂಥ ಹೊತ್ತಲ್ಲ ಇದು, ಆದರೂ ಬೆಳಗ್ಗೆಯಿಂದ ಎದೆಯೊಳಗೆ ಭಯದ ಪಕ್ಕದಲ್ಲೇ ಒಂದು ಕುಣಿತ, ಯಾಕೆಂದರೆ ವಾರ್ಡಿನಲ್ಲಿ ದೀಪ ಉರಿಯುತ್ತಿದೆ, ಬಿಸಿನೀರು ಬರುತ್ತಿದೆ, ಒಳಗೊಬ್ಬಳು ನರಳುತ್ತಿದ್ದಾಳೆ, ನರಳಾಟವೇ ಇಲ್ಲದ ಹೆರಿಗೆ ವಾರ್ಡಿಗಿಂತ ಸಂಕಟದ ಜಾಗ ಇನ್ನೊಂದಿಲ್ಲ ಎಂದು ಅವಳಿಗೆ ಗೊತ್ತು. ಸುಧಾರಣೆ ಅಂತ ಹೆಸರಿಟ್ಟು ಸರ್ಕಾರ ಇದನ್ನು ಮುಚ್ಚಿತ್ತು, ಹೆರಿಗೆಗೆಲ್ಲ ದೊಡ್ಡ ಊರಿನ ಆಸ್ಪತ್ರೆಯೇ ಸಾಕು, ಒಂದೇ ಕಡೆ ಎಲ್ಲ ಸೌಲಭ್ಯ, ಮಂಚಗಳೆಲ್ಲ ಉಗ್ರಾಣ ಸೇರಿದವು, ಅವಳು ಜ್ವರದವರ ಕೈ ಹಿಡಿದು ಗ್ಲೂಕೋಸ್ ಏರಿಸುತ್ತ ಕೂತಳು, ಬಸುರಿಯರು ಮಾತ್ರ ದಾರಿಯ ಮಧ್ಯೆ ಆಂಬುಲೆನ್ಸಿನಲ್ಲೇ ಹೆತ್ತರು. ಕಚೇರಿಯ ಮೆಟ್ಟಿಲು ಸವೆಯುವಷ್ಟು ಓಡಾಡಿದಳು, ನಿಮ್ಮ ಲೆಕ್ಕ ಸರಿಯಾಗೇ ಇದೆ ಸಾರ್, ಹೊಟ್ಟೆಯೊಳಗಿರೋ ಕೂಸಿಗೆ ಅದನ್ನ ಯಾರಾದ್ರೂ ಹೇಳ್ಬೇಕಲ್ಲ, ಅಧಿಕಾರಿ ನಕ್ಕುಬಿಟ್ಟಿದ್ದ, ನಕ್ಕವನೇ ಕಡತವನ್ನು ಮೇಲೆ ಕಳಿಸಿದ, ಪುಣ್ಯಾತ್ಮ. ವಾರ್ಡು ತೆರೆಯಿತು, ಡಾಕ್ಟರು ಬಂದರು, ಜನರೇಟರ್ ಬಂತು, ಬಸುರಿಯರೇ ಬರಲಿಲ್ಲ. ಇವತ್ತು ತೆಗೀತಾರೆ ನಾಳೆ ಮುಚ್ತಾರೆ, ನಡುನೀರಲ್ಲಿ ಕೈಬಿಟ್ಟರೆ ಏನು ಗತಿ, ಅಂದರು ಜನ, ಯಾರೂ ಬರದಿದ್ರೆ ಮತ್ತೆ ಮುಚ್ಚಲೇಬೇಕಾಗುತ್ತೆ ಸಿಸ್ಟರ್ ಅಂದ ಅದೇ ಅಧಿಕಾರಿ. ಆಗ ಸೊಸೆ, ಊಟದ ತಟ್ಟೆಯಿಂದ ತಲೆ ಎತ್ತದೆ, ನಂದು ಅಲ್ಲೇ ಆಗ್ಲಿ ಅತ್ತೆ ಎಂದಳು. ಊರ ಮುಂದೆ ಅಷ್ಟು ಜೋರು ಮಾಡುವ ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು, ಖಾಸಗಿ ನರ್ಸಿಂಗ್ ಹೋಮ್ ಕೂಡ ಪರವಾಗಿಲ್ಲ ಕಣೇ ಎಂದದ್ದು ಅವಳದೇ ಬಾಯಿ, ಸೊಸೆ ನಕ್ಕಳು, ಬೇರೆಯವರ ಸೊಸೆಗೆ ಆಗೋದು ನಿಮ್ಮ ಸೊಸೆಗೆ ಆಗಲ್ವಾ, ಎಂಥ ಹುಡುಗಿ, ಇವಳನ್ನು ಹುಡುಕಿಕೊಂಡ ಮಗನಿಗೆ ಬುದ್ಧಿ ಎಲ್ಲಿಂದ ಬಂತೋ.

ಮಗ, ಅಯ್ಯೋ, ಅವನೂ ಒಳಗಿದ್ದಾನೆ, ಹೆರುವವಳ ಜೊತೆ ಒಬ್ಬರು ಇರಬಹುದು ಎನ್ನುವುದು ಹೊಸ ನಿಯಮ, ಮೀಟಿಂಗಿನಲ್ಲಿ ಅವಳೊಬ್ಬಳೇ ಬೇಡ ಎಂದಿದ್ದಳು, ಹೆರಿಗೆ ನೋಡ್ಕೊಳ್ಳೋದಾ, ತಲೆ ಸುತ್ತಿ ಬಿದ್ದ ಗಂಡನ್ನ ಎತ್ತೋದಾ, ಮೊಣಕಾಲು ತರಚಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹುಡುಗ ಅವನು, ಚಿಕ್ಕವನಿದ್ದಾಗ ಅವಳ ಬೆರಳು ಹಿಡಿದು, ಅಮ್ಮ, ಇದು ಯಾಕೆ ಯಾವಾಗ್ಲೂ ನೇರಳೆ ಬಣ್ಣ ಎನ್ನುತ್ತಿದ್ದ, ಹುಟ್ಟಿದ ಕೂಸಿನ ಅಂಗಾಲಿಗೆ ಶಾಯಿ ಹಚ್ಚಿ ಗುರುತು ಒತ್ತಿಸಿಕೊಳ್ಳುತ್ತಾರಪ್ಪ, ಅದೇ ಅಂಟಿರೋದು, ವಾರ್ಡು ಮುಚ್ಚಿದ ಮೇಲೆ ಆ ಶಾಯಿಯ ಪ್ಯಾಡು ಒಣಗಿ ಹಪ್ಪಳವಾಗಿತ್ತು, ಬೆರಳುಗಳೂ ಬರೀ ಬೆರಳುಗಳಾಗಿದ್ದವು, ಮೊನ್ನೆ ಹೊಸ ಶಾಯಿ ಹನಿಸಿದಾಗ ಅದು ಗುಟುಕು ಗುಟುಕಾಗಿ ಕುಡಿಯಿತು — ಢಣ್ ಎಂದು ಏನೋ ಬಿತ್ತು ಒಳಗೆ, ಬಿದ್ದನೇ, ಇಲ್ಲ, ಟ್ರೇ ಇರಬೇಕು, ಅವನ ದನಿ ಕೇಳುತ್ತಿದೆಯಲ್ಲ, ಉಸಿರು ತಗೋ, ನಿಧಾನ, ನಾನಿಲ್ಲೇ ಇದೀನಿ ಕಣೇ, ಇವನೇ, ನಮ್ಮ ಪುಕ್ಕಲನೇ. ಅಡುಗೆಯವಳು ಖಾಲಿ ಫ್ಲಾಸ್ಕ್ ಹಿಡಿದು ಸುಮ್ಮಸುಮ್ಮನೆ ಹಾದುಹೋದಳು, ಮತ್ತೆ ಬಂದಳು, ಕಾವಲುಗಾರನೂ ಬಂದು ಗೋಡೆಗೆ ಒರಗಿದ, ಗೇಟಿನಲ್ಲಿ ಯಾರಯ್ಯಾ ಇರೋದು, ಗೇಟು ಎಲ್ಲೂ ಓಡಿಹೋಗಲ್ಲ ಸಿಸ್ಟರ್.

ನರಳಾಟ ಉದ್ದವಾಯಿತು, ಇನ್ನೂ ಉದ್ದವಾಯಿತು, ಆಮೇಲೆ ಇಲ್ಲ. ಏನೂ ಇಲ್ಲ. ಇಷ್ಟು ಹೊತ್ತು ಸುಮ್ಮನಿರಬಾರದು, ಬೆನ್ನು ತಟ್ಟಿ, ಅಂಗಾಲಿಗೆ ತಟ್ಟಿ ಎಂದು ಅವಳ ಕೈ ಗಾಳಿಯಲ್ಲೇ ತಟ್ಟುತ್ತಿದೆ, ಎಲ್ಲ ನನ್ನ ಹಟ, ಕೂಸೇ, ಒಂದು ಸಲ ಕೂಗು, ವಾರ್ಡು ಹಾಳಾಗಿ ಹೋಗಲಿ, ನೀನು ಕೂಗು — ಕೂಗಿತು. ಒರಟು ದನಿ, ಅಜ್ಜಿಯದೇ ಎಂದು ಕಾವಲುಗಾರ ಗೊಣಗಿದ್ದು ಕೇಳಿಸಿದರೂ ಬೈಯುವ ಮನಸ್ಸಾಗಲಿಲ್ಲ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅತ್ತೆಯವರೇ, ಇನ್ನೊಂದು ಸ್ವಲ್ಪ ತಡೀರಿ ಎಂದು ಒಳಗಿನಿಂದ ಡಾಕ್ಟರು, ಎಲ್ಲಿ ತಡೆಯುವುದು, ಅವಳಾಗಲೇ ಬಾಗಿಲಿನ ಹತ್ತಿರ, ಕೂದಲಿನಿಂದ ಪಿನ್ನು ಕಿತ್ತು ಆ ಚುಕ್ಕೆಯ ಅಂಚನ್ನು ಕೆರೆಯುತ್ತಿದ್ದಾಳೆ, ಸಿಸ್ಟರ್, ಬಣ್ಣ ಹೋಗುತ್ತೆ, ಹೋಗ್ಲಿ ಬಿಡಯ್ಯಾ, ಉಗುರಿನಗಲ ಇದ್ದದ್ದು ಬಿಲ್ಲೆಯಗಲ ಆಯಿತು, ಒಂದು ಕಣ್ಣು ಒತ್ತಿದಳು, ಕಣ್ಣೀರಿಗೆ ಏನೂ ಕಾಣದು, ಒರೆಸಿಕೊಂಡಳು, ಒತ್ತಿದಳು, ಬೆಳಕು, ಹಸಿರು ಬಟ್ಟೆ, ಮಗನ ದನಿ ಹತ್ತಿರ ಬಂತು, ಅಮ್ಮಾ, ಅಲ್ಲೇ ಇರು, ಕಣ್ಣು ತೆಗೀಬೇಡ, ಏನೋ ಅಡ್ಡ ಬಂತು, ಬೆಳಕು ಹೋಯಿತು, ಅಲ್ಲ, ಹೋಗಲಿಲ್ಲ, ಕೆರೆದ ಆ ಚುಕ್ಕೆಯ ತುಂಬ, ಗಾಜಿನ ಆಚೆ, ಶಾಯಿ ಇನ್ನೂ ಒಣಗದ, ನೇರಳೆ ಬಣ್ಣದ, ಒಂದು ಪುಟ್ಟ ಅಂಗಾಲು.