ಶರಣವ್ವನ ರಾತ್ರಿಗಳು

ಹಿತ್ತಾಳೆ ತಟ್ಟೆ ಬಿದ್ದ ಸದ್ದಿಗೆ ಕಾಶಿನಾಥ ಹಾಸಿಗೆಯಲ್ಲಿ ಎದ್ದು ಕೂತ. ತಟ್ಟೆ ಕಲ್ಲು ನೆಲದ ಮೇಲೆ ಗಿರಗಿರನೆ ತಿರುಗಿ, ನಿಲ್ಲುವ ಮೊದಲು ಇನ್ನಷ್ಟು ರಂಪ ಮಾಡಿ, ಕೊನೆಗೂ ನಿಂತಿತು. ಅದು ನಿಂತದ್ದೇ ತಡ, ಅವ್ವನ ಕೋಣೆಯಿಂದ ಬೆಕ್ಕಿನ ಕೂಗು ಶುರುವಾಯಿತು. ಸಾಮಾನ್ಯ ಮಿಯಾಂವ್ ಅಲ್ಲ. ಹೊಟ್ಟೆಯ ತಳದಿಂದ ಎಳೆದು ತಂದಂಥ ಉದ್ದನೆಯ ಕೂಗು.

"ಯವ್ವಾ!" ಕತ್ತಲಲ್ಲೇ ಅವನು ಒದರಿದ. "ಮುಂಜಾನಿ ಜಲ್ದಿ ಡ್ಯೂಟಿ ಅದ ನಂದು. ಅದರ ಬಾಯಿ ಬಂದ್ ಮಾಡ್ತಿಯೋ ಇಲ್ಲೋ?"

"ನಾ ಏನ್ ಮಾಡ್ಲೋ ಕಾಶಪ್ಪಾ? ಹೇಳಿದ್ರ ಕೇಳ್ತದೇನು ಅದು?" ಗೋಡೆಯಾಚೆಯಿಂದ ಅವ್ವ ಬಸವೇಶ್ವರಿಯ ದನಿ ಬಂತು.

ಕಾಶಿನಾಥ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುವವನು. ಆ ಯಂತ್ರಕ್ಕೆ ತಗಡಿಗೂ ಬೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದಿನ ದಿನ ಅವನು ನಿಂತಲ್ಲೇ ತೂಕಡಿಸಿದ್ದ. ಪಕ್ಕದವನು ಭುಜ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಅದನ್ನು ಊಟದ ಹೊತ್ತಿಗೆ ಹೇಳಿದಾಗ ಹೆಂಡತಿ ಪ್ರೇಮಲಾಳ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ನಿಂತಿತ್ತು. ಮಗ ಆಗಲೇ ತೀರ್ಮಾನ ಹೇಳಿಬಿಟ್ಟಿದ್ದ: ಆದಿತ್ಯವಾರದ ಬಸ್ಸಿಗೆ ಬೆಕ್ಕು ವಾಪಸು ನಾಗಲಗಿದ್ದ ಊರಿಗೆ.

ನಾಗಲಗಿದ್ದ ಪ್ರೇಮಲಾಳ ತವರು. ಕಾಳಿನ ಕೋಣೆಯಲ್ಲಿ ಇಲಿಗಳು ತೊಗರಿ ಚೀಲಗಳನ್ನೆಲ್ಲ ತೂತು ಮಾಡುತ್ತಿದ್ದವೆಂದು ಅವಳೇ ಈ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ತಂದಿದ್ದಳು. ತಂದ ದಿನ ಅತ್ತೆ ಮುಖ ಸಿಂಡರಿಸಿದ್ದು ನಿಜ. ಆದರೆ ಬುಟ್ಟಿಯಿಂದ ಇಳಿದ ಬೆಕ್ಕು ಯಾರನ್ನೂ ಕೇಳದೆ ನೆಟ್ಟಗೆ ಬಸವೇಶ್ವರಿಯ ಕೋಣೆಗೆ ನಡೆದು, ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ ಹಿತ್ತಾಳೆ ಪಾತ್ರೆಗಳ ನಡುವೆ ಒಂದನ್ನೂ ತಾಕದೆ ಆ ತುದಿಯಿಂದ ಈ ತುದಿಗೆ ಹೋಗಿ ಕೂತಿತು. ಬಸವೇಶ್ವರಿ ಬಾಯಿ ತೆರೆದು ನೋಡಿದಳು. ಆ ಪಾತ್ರೆ ಒರೆಸುವಾಗ ಅವಳ ಕೈಯಿಂದಲೇ ಎಷ್ಟು ಸಲ ಬಿದ್ದಿದ್ದವು! ಎಲುಬಿಲ್ಲದ ಈ ನಡಿಗೆಯನ್ನು ಯಾವ ದೇವರು ಕಲಿಸಿದನೋ ಎಂದು ಅವಳಿಗೆ ನಿಜಕ್ಕೂ ಬೆರಗಾಯಿತು.

ಆ ಬೆರಗು ಮಮತೆಯಾಗಲು ತಡವಾಗಲಿಲ್ಲ. ಗಂಡ ತೀರಿದ ಮೇಲೆ ಅವಳ ಹಾಸಿಗೆಯ ಒಂದು ಬದಿ ತಣ್ಣಗೇ ಉಳಿದಿತ್ತು. ಬೆಕ್ಕು ಮಧ್ಯಾಹ್ನದ ಹೊತ್ತು ಅಲ್ಲಿ ಬಂದು, ಅವಳ ಹೊಟ್ಟೆಗೆ ಬೆನ್ನು ಕೊಟ್ಟು ಗುರುಗುರು ಎನ್ನುತ್ತ ಮಲಗತೊಡಗಿತು. ಅವಳು ಅದಕ್ಕೆ ಶರಣವ್ವ ಎಂದು ಹೆಸರಿಟ್ಟಳು. ಹಾಲು, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮೇಲೊಂದು ಬೆರಳು ತುಪ್ಪ. ಲಿಂಗ ಕಟ್ಟಿದವರ ಮನೆಗೆ ಬಂದ ಮೇಲೆ ಬೆಕ್ಕಾದರೂ ರೀತಿ ಕಲಿಯಬೇಡವೇ?

ಬೆಕ್ಕು ಇಲಿ ಹಿಡಿಯಬಾರದೆಂದು ಅವಳು ಕಾಳಿನ ಕೋಣೆಗೆ ಚಿಲಕ ಹಾಕಿದಳು. ರಾತ್ರಿ ಶರಣವ್ವನನ್ನು ತನ್ನ ಕೋಣೆಯಲ್ಲೇ ಕೂಡಿಹಾಕಿಕೊಂಡಳು. ಇಲಿಗಳಿಗೆ ಮೊದಲಿನಂತೆ ಬೋನು. ಬೋನಿಗೆ ಬಿದ್ದ ಇಲಿಯನ್ನು ಅವಳು ಸೀರೆಯ ಮರೆಯಲ್ಲಿ ಹಿಡಿದುಕೊಂಡು ಹೋಗಿ ಬೀದರ್ ರಸ್ತೆಯಾಚೆಯ ಹೊಲದಲ್ಲಿ ಬಿಟ್ಟು, "ಹೋಗವ್ವಾ, ಸುಖವಾಗಿರು" ಎಂದು ಹೇಳಿ ಬರುತ್ತಿದ್ದಳು. ಪಕ್ಕದ ಮನೆಯ ಹಣಮಮ್ಮ ಇದನ್ನು ನೋಡಿ, "ಅಕ್ಕೋರೆ, ನಿಮಗಿಂತ ಮೊದಲ ಅವೇ ಮನಿ ಮುಟ್ಟತಾವ ನೋಡ್ರಿ" ಎಂದು ನಗುತ್ತಿದ್ದಳು.

ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಈ ಮನೆಯಲ್ಲಿ ಚೆಲ್ಲಾಟವೆಲ್ಲ ಇಲಿಗಳದ್ದು, ಪ್ರಾಣಸಂಕಟ ಮಿಕ್ಕವರದ್ದು. ಹಗಲೆಲ್ಲ ಸಾಧುವಾಗಿ ಮಲಗುವ ಬೆಕ್ಕು ರಾತ್ರಿಯಾಯಿತೆಂದರೆ ಬೇರೆಯೇ ಆಗುತ್ತಿತ್ತು. ಗೋಡೆಯಿಂದ ಗೋಡೆಗೆ ಓಡುವುದು, ಬಾಗಿಲು ಕೆರೆಯುವುದು, ಬೇಕೆಂದೇ ಒಂದೊಂದು ಪಾತ್ರೆ ತಳ್ಳಿ ಅದು ಬೀಳುವುದನ್ನು ನೋಡುವುದು, ಆಮೇಲೆ ಆ ಕೂಗು.

ಉಪಾಯಗಳು ನಡೆದೇ ನಡೆದವು. ದೃಷ್ಟಿಯಾಗಿದೆಯೆಂದು ಬಸವೇಶ್ವರಿ ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಬೆಕ್ಕಿನ ಕೂಗಿನ ಜೊತೆ ಮನೆಮಂದಿಯ ಕೆಮ್ಮೂ ಸೇರಿತು. ಮಠದ ಅಯ್ಯನವರು ತಾಯತ ಕಟ್ಟಲು ಬಂದು, ಮುಂಗೈ ಪರಚಿಸಿಕೊಂಡು, ತಾಯತವನ್ನು ಬಾಗಿಲಿಗೇ ಕಟ್ಟಿ ಹೋದರು. ಪ್ರೇಮಲಾ ಫೋನಿನಲ್ಲಿ ವೀಡಿಯೋ ಹುಡುಕಿದಳು. ಮಲಗುವ ಮೊದಲು ಬೆಕ್ಕನ್ನು ಚೆನ್ನಾಗಿ ಆಡಿಸಿ ಎಂದಿತು ಒಂದು. ಅತ್ತೆ ಸೊಸೆ ಇಬ್ಬರೂ ದಾರಕ್ಕೆ ಚಿಂದಿ ಕಟ್ಟಿಕೊಂಡು ಕೋಣೆ ತುಂಬ ಓಡಾಡಿ ಸುಸ್ತಾಗಿ ಮಲಗಿದರು, ಬೆಕ್ಕು ಮಲಗಲಿಲ್ಲ. ಆಡಿಸಿದ ಮೇಲೆ ಹೊಟ್ಟೆ ತುಂಬ ಮೀನು ಕೊಡಿ ಎಂದು ಆ ವೀಡಿಯೋದವಳು ಹೇಳುತ್ತಿದ್ದಾಗ ಪ್ರೇಮಲಾ ಅತ್ತೆಯ ಮುಖ ನೋಡಿ ಫೋನು ಆರಿಸಿಬಿಟ್ಟಳು.

ಶನಿವಾರ ಸಂಜೆ ಪ್ರೇಮಲಾ ಅಟ್ಟದಿಂದ ಬುಟ್ಟಿ ಇಳಿಸಿ ಧೂಳು ಜಾಡಿಸುತ್ತಿದ್ದಳು. ಬಸವೇಶ್ವರಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಸರಿಸಿದಳು. ಅದು ಮೂಸಿ ನೋಡಿ ಮುಖ ತಿರುಗಿಸಿತು. ಅವಳಿಗೆ ಕಣ್ಣಲ್ಲಿ ನೀರೇ ಬಂತು.

"ಅತ್ತೀ, ಒಂದ್ ಮಾತ್ ಹೇಳ್ಲಿ? ಸಿಟ್ಟಾಗಬ್ಯಾಡ್ರಿ," ಎಂದಳು ಪ್ರೇಮಲಾ. "ನಮ್ಮೂರಾಗ ಇದು ಹಿಂಗ ಒದರ್ತಿದ್ದಿಲ್ರಿ. ರಾತ್ರಿ ಪೂರಾ ಕಣದಾಗ ಇರ್ತಿತ್ತು."

"ಕಣದಾಗ ಏನ್ ಮಾಡ್ತಿತ್ತು?"

ಪ್ರೇಮಲಾ ಬುಟ್ಟಿಯನ್ನೇ ನೋಡಿದಳು. "ನಿಮಗ ಗೊತ್ತದ್ರಿ."

"ಹತ್ಯಾ ಬ್ಯಾಡ ನನ್ನ ಮನ್ಯಾಗ," ಬಸವೇಶ್ವರಿಯ ದನಿ ಏರಿತು. "ಅದು ಮೂಕ ಜೀವ, ಅದಕ್ಕೇನು ತಿಳೀತದ? ಬಾಗಿಲ ತಗದ್ ಕೊಟ್ಟವರಿಗೆ ಪಾಪ ತಟ್ಟತದ. ಹಾಲು ತುಪ್ಪ ಹಾಕ್ಲತ್ತೀನಿ, ಮತ್ತೇನ್ ಬೇಕು ಅದಕ್ಕ?"

"ಹೌದ್ರಿ," ಎಂದಳು ಪ್ರೇಮಲಾ, ಮತ್ತು ಬುಟ್ಟಿಗೆ ಹಳೆಯ ಟವೆಲ್ಲು ಹಾಸತೊಡಗಿದಳು.

ಆ ರಾತ್ರಿ ಬಸವೇಶ್ವರಿ ಮಲಗಲಿಲ್ಲ. ನಾಳೆ ಈ ಹೊತ್ತಿಗೆ ಹಾಸಿಗೆಯ ಆ ಬದಿ ಮತ್ತೆ ತಣ್ಣಗಿರುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಬೆಕ್ಕು ಇನ್ನೂ ಕೂಗಿರಲಿಲ್ಲ. ಬಾಗಿಲ ಸಂದಿಗೆ ಮೂಗಿಟ್ಟು ಕೂತಿತ್ತು. ಕಿವಿಗಳು ಮಾತ್ರ ಒಮ್ಮೆ ಹಿಂದೆ, ಒಮ್ಮೆ ಮುಂದೆ ಹೊರಳುತ್ತಿದ್ದವು. ಏನು ಕೇಳುತ್ತಿದೆ ಇದು? ಬಸವೇಶ್ವರಿ ಮೊಣಕಾಲೂರಿ, ಅದರ ಪಕ್ಕದಲ್ಲೇ ಬಾಗಿಲಿಗೆ ಕಿವಿ ಹಚ್ಚಿದಳು. ಮೊದಲು ಏನೂ ಇಲ್ಲ. ಉಸಿರು ಹಿಡಿದಳು. ಆಗ ನಡುಮನೆಯಾಚೆ, ಚಿಲಕ ಹಾಕಿದ ಕಾಳಿನ ಕೋಣೆಯೊಳಗೆ ಚೀಲದ ಮೇಲೆ ಏನೋ ಸರಿದು, ನಾಲ್ಕು ಕಾಳು ಉದುರಿದ ಸದ್ದು ಕೇಳಿತು.

ಇವಳ ಹಳೆಯ ಕಿವಿಗೆ ಇಷ್ಟು ಕೇಳಿದರೆ ಅದರ ಕಿವಿಗೆ ಎಷ್ಟು ಕೇಳುತ್ತಿರಬೇಕು! ಉಗುರಿನ ಸದ್ದು, ಹಲ್ಲಿನ ಸದ್ದು, ಆ ಪುಟ್ಟ ಎದೆಗಳ ಬಡಿತವೂ ಕೇಳುತ್ತಿತ್ತೇನೋ. ಎಡೆ ಬಡಿಸಿದ ಮನೆಯ ಹೊರಗೆ ಹಸಿದವರನ್ನು ಕಟ್ಟಿಹಾಕಿದಂತೆ, ಬಂದಾಗಿನಿಂದ ದಿನವೂ ಈ ಬೆಕ್ಕನ್ನು ತಾನು ಕಟ್ಟಿಹಾಕಿದ್ದಾಯಿತು, ಅದೂ ಪುಣ್ಯವೆಂದುಕೊಂಡು. ಬಸವೇಶ್ವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಮುಂದೆ ಮಾಡಬೇಕಾದ್ದು ಏನೆಂದು ಅವಳಿಗೆ ತಿಳಿದುಹೋಗಿತ್ತು.

ಬಾಗಿಲು ತೆರೆದಳು. ಬೆಕ್ಕು ಕಾಲಿಗೆ ತಾಕದೆ ಮುಂದೆ ನಡೆಯಿತು. ಕಾಳಿನ ಕೋಣೆಯ ಚಿಲಕದ ಮೇಲೆ ಕೈಯಿಟ್ಟು ಅವಳು ಬಹಳ ಹೊತ್ತು ನಿಂತಳು. ತಾಯಿಯ ಮನೆಯಲ್ಲಿ, ಗಂಡನ ಮನೆಯಲ್ಲಿ, ಅವಳು ಬೇಕೆಂದು ಒಂದು ಇರುವೆಯನ್ನೂ ಕೊಂದಿರಲಿಲ್ಲ. "ಶಿವಾ, ನೀನೇ ನೋಡ್ಕೋ," ಎಂದು ಚಿಲಕ ಸರಿಸಿದಳು.

ಬೀದಿ ದೀಪದ ಬೆಳಕು ಕಿಟಕಿಯ ಸರಳುಗಳಿಂದ ಚೀಲಗಳ ಮೇಲೆ ಬಿದ್ದಿತ್ತು. ಇಲಿಗಳ ಸದ್ದು ಒಮ್ಮೆಲೇ ನಿಂತಿತು. ಬೆಕ್ಕು ಒಳಗೆ ಹೋಗಿ, ಎರಡು ಚೀಲಗಳ ನಡುವಿನ ಸಂದಿಯ ಮುಂದೆ ಮೈ ತಗ್ಗಿಸಿ ಕೂತಿತು. ಕೂತದ್ದು ಕೂತಿತು. ಬಾಲದ ತುದಿಯೂ ಅಲುಗಲಿಲ್ಲ.

ಬಸವೇಶ್ವರಿ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಲೇ ನಿಂತಳು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸಲು ಕೂರುವವಳು ಅವಳು. ಮದುವೆಯಾಗಿ ಬಂದಾಗಿನಿಂದ ಕೂರುತ್ತಿದ್ದಾಳೆ. ಕಣ್ಣು ಲಿಂಗದ ಮೇಲಿದ್ದರೆ ಮನಸ್ಸು ಒಲೆಯ ಮೇಲಿನ ಹಾಲಿನಲ್ಲಿ, ಹಾಲು ಇಳಿಸಿ ಬಂದರೆ ಹಣಮಮ್ಮ ನಿನ್ನೆ ಆಡಿದ ಮಾತಿನಲ್ಲಿ. ಒಂದು ದಿನವಾದರೂ ಅದು ನಿಂತದ್ದಿಲ್ಲ. ಇಲ್ಲಿ ಯಾರೂ ದೀಕ್ಷೆ ಕೊಡದ, ಹಗಲೆಲ್ಲ ನಿದ್ದೆ ಹೊಡೆಯುವ ಪ್ರಾಣಿ ಉಸಿರು ಕಣ್ಣು ಕಿವಿ ಎಲ್ಲವನ್ನೂ ಒಂದು ಬೆರಳಗಲದ ಕತ್ತಲೆಗೆ ಕೊಟ್ಟು ಕೂತಿದೆ. ಮೊಣಕಾಲು ನೋಯುತ್ತಿದ್ದರೂ ಸರಿದು ನಿಲ್ಲಲು ಧೈರ್ಯವಾಗಲಿಲ್ಲ.

ಸಂದಿಯಲ್ಲಿ ಒಂದು ಮೂತಿ ಕಾಣಿಸಿತು. ಅದೂ ಮುದ್ದಾಗಿಯೇ ಇತ್ತು. ಗಾಳಿಯನ್ನು ಮೂಸುತ್ತಿತ್ತು. ಬಸವೇಶ್ವರಿ ಒಂದು ಚಪ್ಪಾಳೆ ತಟ್ಟಿದ್ದರೆ ಸಾಕಾಗಿತ್ತು. ಅವಳ ಎರಡೂ ಕೈ ಮೇಲೆದ್ದವು. ಎದ್ದ ಕೈಗಳು ಹಾಗೆಯೇ ಗಾಳಿಯಲ್ಲಿ ನಿಂತವು, ಕೂಡಲಿಲ್ಲ.

ಬೆಕ್ಕು ಹಾರಿದ್ದು ಅವಳಿಗೆ ಕಾಣಲೇ ಇಲ್ಲ. ಇಲ್ಲಿತ್ತು, ಅಲ್ಲಿತ್ತು, ಅಷ್ಟೇ. ಒಂದು ಸಣ್ಣ ಕೀರಲು, ಆಮೇಲೆ ಸದ್ದಿಲ್ಲ. "ಶಿವ ಶಿವಾ" ಎಂದುಕೊಂಡು ಕಣ್ಣು ಮುಚ್ಚಿದಳು. ಮತ್ತೆ ತೆರೆದಳು. ನೋಡದೇ ಇರಲು ಅವಳಿಂದಾಗಲಿಲ್ಲ.

ಬೆಳಿಗ್ಗೆ ಕಾಶಿನಾಥ ಎದ್ದು ಹಿತ್ತಲಿಗೆ ಬಂದಾಗ ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂದಿತ್ತು. ರಜೆಯ ದಿನ ಇಷ್ಟು ಹೊತ್ತು ಮಲಗಿ ಎಷ್ಟು ಕಾಲವಾಗಿತ್ತೋ. ಅವನ ಮುಖ ಹಗುರವಾಗಿತ್ತು.

"ಯವ್ವಾ, ರಾತ್ರಿ ಒದರಲಿಲ್ಲಲ್ಲ ಅದು? ಓಡಿ ಹೋಗ್ಯಾದೇನು?"

"ಎಲ್ಲಿಗಿ ಹೋಗ್ತದ? ನನ್ನ ಹಾಸಿಗಿ ಮ್ಯಾಲ ಮಲಗ್ಯಾದ. ಎಬ್ಬಸಬ್ಯಾಡ."

"ಮತ್ತ ಬಸ್ಸು?"

"ಯಾವ ಬಸ್ಸು?" ಎಂದಳು ಬಸವೇಶ್ವರಿ, ತಲೆ ಎತ್ತದೆ.

ಅವಳು ಬಿಲ್ವಪತ್ರಿ ಗಿಡದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುವ ಕುರ್ಚಿಗೆಯಿಂದ ಮಣ್ಣು ಕೆದರುತ್ತಿದ್ದಳು. ಪಕ್ಕದಲ್ಲಿ ಒಂದು ಮುತ್ತುಗದ ಎಲೆಯ ಮೇಲೆ ಇಲಿಯ ಬಾಲದ ತುಂಡೊಂದಿತ್ತು. ಕಾಶಿನಾಥ ಅದನ್ನು ನೋಡಿದ, ಅವ್ವನನ್ನು ನೋಡಿದ, ತೆರೆದೇ ಇದ್ದ ಕಾಳಿನ ಕೋಣೆಯ ಬಾಗಿಲು ನೋಡಿದ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಪ್ರೇಮಲಾ ಅವನಿಗೆ ಕಣ್ಣಲ್ಲೇ ಒಳಗೆ ಬರುವಂತೆ ಹೇಳಿದಳು.

ಬಸವೇಶ್ವರಿ ಎಲೆಯನ್ನು ಮಡಚಿ ಗುಂಡಿಯಲ್ಲಿಟ್ಟಳು. ಮೇಲೊಂದು ಚಿಟಿಕೆ ವಿಭೂತಿ ಉದುರಿಸಿ, ಒಂದು ಪತ್ರಿ ಕಿತ್ತಿಟ್ಟು, ಅಂಗೈಯಿಂದ ಮಣ್ಣು ಸರಿಸಿ ಮುಚ್ಚಿದಳು. ಎದ್ದು ನಿಲ್ಲಲು ಪ್ರೇಮಲಾ ಬಂದು ಕೈ ಕೊಟ್ಟಳು.

"ಪ್ರೇಮಲಾ, ನಿಮ್ಮೂರ ಕಣದಾಗ ದಿನಾ ಎಷ್ಟ್ ಹಿಡೀತಿತ್ತು ಇದು?"

"ನಾ ಎಣಿಸಿಲ್ರಿ ಅತ್ತೀ. ಭಾಳ ಹಿಡೀತಿತ್ತು."

ಬಸವೇಶ್ವರಿ ಸೊಸೆಯ ಕೈ ಬಿಡದೆ, ಗಿಡದ ಬುಡದಿಂದ ಗೋಡೆಯವರೆಗೆ ಎಷ್ಟು ಮಣ್ಣಿದೆಯೆಂದು ನೋಡಿದಳು.