ಸಾವಂತ್ರವ್ವನ ಸಾಣಿಗೆ

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಬೇಸಿಗೆ. ಧಾರವಾಡದ ಕಾಲೇಜಿಗೆ ಸೂಟಿ ಬಿದ್ದಾಗ ಹಾನಗಲ್ಲಿಗೆ ಮರಳುವ ಹುಡುಗರಿಗೆ ಯೋಹಾನಪ್ಪ ಮಾಸ್ತರರು ತಮ್ಮ ಪಡಸಾಲೆಯಲ್ಲಿ ಇಂಗ್ಲಿಷು ಹೇಳಿಕೊಡುತ್ತಿದ್ದರು. ಮನಸ್ಸಿದ್ದವರಿಗೆ ಬೈಬಲ್ಲನ್ನೂ. ಮನಸ್ಸಿದ್ದವನು ಒಬ್ಬನೇ, ಬಸವಣ್ಣೆಪ್ಪ. ಎರಡು ವರ್ಷ ಕೇಳಿದ ಮೇಲೆ, ತಾನೂ ಯೇಸುವಿನ ಶಿಷ್ಯನಾಗುತ್ತೇನೆಂದಿದ್ದ. ಬರುವ ಐತವಾರ ಪಾದ್ರಿಸಾಹೇಬರು ಬಂದು ದೀಕ್ಷಾಸ್ನಾನ ಕೊಡುವವರಿದ್ದರು. ಹನ್ನೊಂದು ವರ್ಷ ಪಾಠ ಹೇಳಿದ ಮಾಸ್ತರರಿಗೆ ಇವನೇ ಮೊದಲನೆಯವನು.

ಶುಕ್ರವಾರ ಮಧ್ಯಾಹ್ನ ಅವನ ಸಹಪಾಠಿ ಗುರುರಾಜ ಏದುಸಿರು ಬಿಡುತ್ತ ಬಂದ.

“ಏನಲೇ ಬಸಣ್ಣಾ, ಇಲ್ಲೆ ತಣ್ಣಗ ಕೂತೀಯಲ್ಲ! ನಿಮ್ಮವ್ವ ಅಲ್ಲೆ ಕೆರಿ ಹೂಳು ಸಾಣಿಸ್ಲಿಕ್ಕತ್ತಾಳ. ಬುಧವಾರದಿಂದ ಒಂದು ಹನಿ ನೀರು ಕುಡಿದಿಲ್ಲಂತ. ನೀ ಕಳಕೊಂಡ ಲಿಂಗಾ ಸಿಗೋತನಾ ಕುಡ್ಯಾಂಗಿಲ್ಲಂತ.”

ಬಸವಣ್ಣೆಪ್ಪ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಗುರುರಾಜನನ್ನು ಹೊರಗೆ ಕಳಿಸಿ ಮಾಸ್ತರರು ಕೇಳಿದರು, “ಕಳದೈತೇನು, ತಮ್ಮಾ?”

ಅವನು ಅಂಗಿಯ ಕಿಸೆಯಿಂದ ಲಿಂಗವಿದ್ದ ಬಿಳಿ ವಸ್ತ್ರದ ಸಣ್ಣ ಗಂಟನ್ನು ತೆಗೆದು ಮೇಜಿನ ಮೇಲಿಟ್ಟ. ಕೊರಳಿನಿಂದ ತಾನೇ ಬಿಚ್ಚಿದ್ದ. ಕೇಳಿದ ಅವ್ವನಿಗೆ, ಈಸುವಾಗ ಶಿವದಾರ ಹರಿದು ಕೆರೆಗೆ ಬಿತ್ತೆಂದು ಹೇಳಿದ್ದ. ಬಿಚ್ಚಿದೆನೆಂದರೆ ಆಕೆಯ ಎದೆ ಒಡೆದೀತು, ಬಿತ್ತೆಂದರೆ ಎರಡು ದಿನ ಅತ್ತು ಸುಮ್ಮನಾದಾಳು ಎಂಬ ಲೆಕ್ಕ ಅವನದು. ಲಿಂಗ ಕಳೆದರೆ ನೀರು ಮುಟ್ಟದವರು ಅಜ್ಜಿ ಹೇಳುವ ಕಥೆಗಳಲ್ಲಿ ಮಾತ್ರ ಇರುತ್ತಾರೆಂದು ನಂಬಿದ್ದ. ಕಥೆಯೊಳಗಿನ ಅಂಥವಳೊಬ್ಬಳು ತನ್ನ ಮನೆಯಲ್ಲೇ ದಿನಾ ರೊಟ್ಟಿ ಬಡಿಯುತ್ತಾಳೆಂದು ಹೊಳೆದಿರಲಿಲ್ಲ.

“ಆಕೀ ಬಾಜೂಕ ಕುಂತು ಸಾಣಿಗ್ಯಾಗ ಹಾಕಿಬಿಡ್ತೇನ್ರಿ. ಸಿಕ್ತು ಅಂತ ಕುಣೀತಾಳ. ನೀರೂ ಕುಡೀತಾಳ,” ಎಂದ ಬಸವಣ್ಣೆಪ್ಪ.

ಮಾಸ್ತರರು ಗಂಟನ್ನೇ ನೋಡಿದರು. ಹಾಗೆ ಮಾಡಿದರೆ ತಾಯಿಯೂ ಉಳಿಯುತ್ತಾಳೆ, ಐತವಾರವೂ ಉಳಿಯುತ್ತದೆ. ಯಾರಿಗೂ ತಿಳಿಯುವುದಿಲ್ಲ. ಅದನ್ನು ಅವನತ್ತ ಸರಿಸಿದರು.

“ಬ್ಯಾಡ. ಖರೇ ಹೇಳಿ ಕೈಯಾಗ ಕೊಡು.”

“ಹೇಳಿದ್ರ ನನ್ನ ಕೋಣ್ಯಾಗ ಹಾಕಿ ಚಿಲಕಾ ಹಾಕ್ತಾರ್ರಿ! ಐತವಾರ ನನ್ನ ಮಾರಿ ಸೈತ ನೋಡಾಂಗಿಲ್ಲ ನೀವು!”

“ಗೊತ್ತೈತಿ. ಏಳು.”

ಕೆರೆ ಅರ್ಧ ಬತ್ತಿತ್ತು. ಅವನ ತಾಯಿ ಸಾವಂತ್ರವ್ವ ಮೊಣಕಾಲುಮಟ ಕೆಸರಿನಲ್ಲಿ ಕುಳಿತು ಜೋಳದ ಸಾಣಿಗೆಯಲ್ಲಿ ಹೂಳು ತುಂಬಿ ಜಾಲಾಡುತ್ತಿದ್ದಳು. ತುಟಿ ಒಡೆದು ಬಿಳಿಚಿತ್ತು. ದಂಡೆಯ ಹೆಂಗಸರು ಕರೆದು ಕರೆದು ಸೋತಿದ್ದರು.

ಬಸವಣ್ಣೆಪ್ಪ ಕೆಸರಿಗಿಳಿದು ಅವ್ವನ ಪಕ್ಕ ಕುಳಿತ. ಮುಷ್ಟಿ ಬಿಗಿದಿತ್ತು. ಸಾಣಿಗೆ ಅವನ ಕೈಗೆ ಒಂದು ಗೇಣು ದೂರದಲ್ಲಿತ್ತು. ಆಕೆ ಕಣ್ಣೊರೆಸಿಕೊಳ್ಳಲು ಅತ್ತ ತಿರುಗಿದಳು. ಅವನ ಕೈ ಸಾಣಿಗೆಯ ಮೇಲೆ ಬಂತು. ದಂಡೆಯ ಮೇಲಿನಿಂದ ಮಾಸ್ತರರು ನೋಡಿದರು, ಕೂಗಲಿಲ್ಲ.

ಕೈ ಅಲ್ಲೇ ನಿಂತಿತು.

“ಅವ್ವಾ. ಕಳದಿಲ್ಲ. ನಾನ ಬಿಚ್ಚಿಟ್ಟಿದ್ದೆ.”

ಆಕೆ ಬಿಚ್ಚಿದ ಅಂಗೈಯನ್ನು ನೋಡಿದಳು. “ನೆಲಕ್ಕ ಬಿದ್ದಿಲ್ಲ?”

“ಇಲ್ಲವ್ವಾ.”

“ಯಾರ ಕಾಲೂ ತಾಗಿಲ್ಲ?”

“ಇಲ್ಲ. ಮಾಸ್ತರ ಕಡೆ ಐತವಾರ ದೀಕ್ಷಾಸ್ನಾನ ತಗೊಳ್ಳಾವಿದ್ದೆ. ಅದಕ್ಕ.”

ಕೆಸರುಗೈ ಅವನ ಕೆನ್ನೆಗೆ ಬಿತ್ತು. ಆಮೇಲೆ ಅದೇ ಕೈಯನ್ನು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿ, ಗಂಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

“ನೀರು ತಾ, ಭಾಡ್ಕೋ.”

ಅವನು ಬಾವಿಯ ಕಡೆ ಓಡಿದ. ಹೆಂಗಸರು ಆಕೆಯನ್ನು ದಂಡೆಗೆ ತಂದು ಕೂರಿಸಿದರು. ಆಕೆ ಮಾಸ್ತರರನ್ನು ದುರುಗುಟ್ಟಿ ನೋಡಿದಳು.

“ಖರೇ ಹೇಳಂತ ನೀವ ಕರಕೊಂಡ ಬಂದ್ರೇನು?”

“ಹೌದವ್ವಾ.”

“ನಮ್ಮ ಮಠದ ಅಯ್ಯನೋರು ಖರೇ ನುಡೀ ಅಂತ ಹತ್ತು ವರ್ಷ ಹೇಳಿದ್ರು. ಇವನ ತಲಿಗೆ ಹತ್ತಲಿಲ್ಲ.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. “ಐತವಾರ ಇವನನ್ನ ಕರೀಬ್ಯಾಡ್ರಿ. ಬರಾವಿದ್ರ ನನ್ನ ಎದುರಿಗೆ ನಿಂತು ಹೇಳಿ ಬರ್ಲಿ. ಒಂದು ವರ್ಷ ಆಗ್ಲಿ, ಹತ್ತಾಗ್ಲಿ. ನಾ ಹೂಂ ಅಂತೇನಂತ ಮಾತ್ರ ತಿಳೀಬ್ಯಾಡ್ರಿ.”

ಮಾಸ್ತರರು ಕೈಮುಗಿದರು.

“ಪಾದ್ರಿಸಾಹೇಬ್ರಿಗೆ ಇವತ್ತ ಕಾಗದ ಹಾಕ್ತೇನ್ರವ್ವಾ. ಸದ್ಯಕ್ಕ ಬರೂದು ಬ್ಯಾಡಂತ.”

ಬಸವಣ್ಣೆಪ್ಪ ತಂಬಿಗೆ ಹಿಡಿದು ಬಂದಾಗ ಆ ಮಾತು ಅವನ ಕಿವಿಗೂ ಬಿತ್ತು. ಅವ್ವನೆದುರು ಕುಕ್ಕರಿಸಿದ. ಆಕೆ ಬೊಗಸೆಯೊಡ್ಡಿದಳು.

“ಹಗೂರ್ಕ ಹಾಕಲೇ,” ಎಂದಳು, “ನೆತ್ತಿಗೆ ಹತ್ತತೈತಿ.”